ಬೊಂಬೆಯೂ ಬಾಂಬೂ



ತಿಂಗಳಿಗೊಮ್ಮೆ ಜಗಲಿಯ ಮೇಲೆ ಕುಳಿತು ನಾವು ಆಡಿಕೊಳ್ಳುವ ಮಾತಿನಲ್ಲಿ ಇದುವರೆಗೆ ಸಿನಿಮಾ ಎಂಬ ಶಬ್ದವು ಬಂದದ್ದಿಲ್ಲ. ಶಾಲೆಯಲ್ಲಿ ಶಬ್ದಮಂಜರಿಯನ್ನು ಹೇಳಿಕೊಡುತ್ತಿದ್ದ ಮೇಷ್ಟರಿಗೆ ಸಿನಿಮಾದ ಗೊಡವೆಯೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆಯು ನ್ಯಾಯವಾದದ್ದೇ. ಆದರೆ ಮನೆಯ ಮಕ್ಕಳು ಏನನ್ನು ನೋಡಿ ನಗುತ್ತಾರೆ, ಏನನ್ನು ನೋಡಿ ಅಂಜುತ್ತಾರೆ ಎಂಬುದನ್ನು ಅರಿಯದವನು ವಯಸ್ಸಿನಿಂದ ಹಿರಿಯನಾದರೂ ಮನೆಗೆ ಹಿರಿಯನಾಗಲಾರನು. ಈ ಕಾರಣದಿಂದಲೇ ನಾನು ಎರಡು ಚಿತ್ರಗಳನ್ನು ನೋಡಿದೆನು. ನೋಡಿದ ಮೇಲೆ ಮನಸ್ಸಿನಲ್ಲಿ ಉಳಿದದ್ದನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇನೆ.

2023ನೆಯ ಇಸವಿ ಜುಲೈ 21ನೆಯ ತಾರೀಖು, ಶುಕ್ರವಾರ. ಶೋಭಕೃತ್ ಸಂವತ್ಸರದ ಅಧಿಕ ಶ್ರಾವಣ. ಮದುವೆ ಮುಂಜಿಗಳ ಓಡಾಟವಿಲ್ಲದ ಕಾಲ. ಆ ದಿನ ಅಮೆರಿಕದ ಎರಡು ಚಲಚ್ಚಿತ್ರಗಳು ಒಟ್ಟಿಗೆ ತೆರೆಗೆ ಬಂದುವು. ಒಂದು ‘ಬಾರ್ಬಿ’. ಅದನ್ನು ನಿರ್ದೇಶಿಸಿದವರು ಗ್ರೆಟಾ ಗರ್ವಿಗ್ ಎಂಬ ಮಹಿಳೆ. ಹುಡುಗಿಯರ ಆಟದ ಬೊಂಬೆಯೇ ಅದರ ನಾಯಕಿ. ಇನ್ನೊಂದು ‘ಆಪನ್‌ಹೈಮರ್’. ಅದನ್ನು ನಿರ್ದೇಶಿಸಿದವರು ಕ್ರಿಸ್ಟೊಫರ್ ನೋಲನ್. ಪರಮಾಣು ಬಾಂಬನ್ನು ರಚಿಸಿದ ವಿಜ್ಞಾನಿಗಳಿಗೆ ಮುಖ್ಯಸ್ಥರಾಗಿದ್ದ ರಾಬರ್ಟ್ ಆಪನ್‌ಹೈಮರ್ ಅವರ ಕಥೆ. ಮೊದಲನೆಯದರ ಬಣ್ಣ ಗುಲಾಬಿ. ಎರಡನೆಯದರದು ಬೂದಿ ಮತ್ತು ಬೆಂಕಿ. ಜನರು ಎರಡು ಹೆಸರುಗಳನ್ನೂ ಕೂಡಿಸಿ ‘ಬಾರ್ಬೆನ್‌ಹೈಮರ್’ ಎಂದು ಒಂದು ಪದವನ್ನೇ ಕಟ್ಟಿಬಿಟ್ಟರು. ವೈಯಾಕರಣನು ಇದನ್ನು ದ್ವಂದ್ವಸಮಾಸವೆಂದು ಕರೆಯುತ್ತಾನೆ. ದ್ವಂದ್ವದಲ್ಲಿ ಎರಡು ಪದಗಳೂ ಸಮಾನವಾಗಿ ಪ್ರಧಾನವಾದುವು. ಜನರಾದರೋ ಒಂದನ್ನು ಹುಡುಗಾಟವೆಂದೂ ಇನ್ನೊಂದನ್ನು ಗಂಭೀರವೆಂದೂ ಮೊದಲೇ ತೀರ್ಮಾನಿಸಿದ್ದರು.

ನಮ್ಮ ಮನೆಯಲ್ಲಿಯೂ ಹಾಗೆಯೇ ನಡೆಯಿತು. ನನ್ನ ಅಕ್ಕನ ಮಗನು ಯಲಹಂಕದಲ್ಲಿ ಸಂಸಾರವಂದಿಗನಾಗಿದ್ದಾನೆ. ಅವನಿಗೆ ಒಬ್ಬ ಮಗ, ಒಬ್ಬ ಮಗಳು. ಹುಡುಗಿಯು ಆಗ ಹತ್ತನೆಯ ತರಗತಿಯಲ್ಲಿದ್ದಳು. ಅವನು ನಾಲ್ಕು ಟಿಕೆಟ್ಟುಗಳನ್ನು ತರಿಸಿ, “ಮಾವ, ನೀವು ಹುಡುಗನ ಜೊತೆ ಬಾಂಬಿನ ಚಿತ್ರಕ್ಕೆ ಹೋಗಿ. ಅದರಲ್ಲಿ ಭಗವದ್ಗೀತೆ ಬರುತ್ತದಂತೆ. ಇವಳು ಅಮ್ಮನ ಜೊತೆ ಬೊಂಬೆಯ ಸಿನಿಮಾ ನೋಡಿಕೊಂಡು ಬರಲಿ” ಎಂದನು. “ನನಗೂ ಗೀತೆ ಬರುತ್ತೆ ಅಪ್ಪ” ಎಂದು ಹುಡುಗಿಯು ಮೆಲ್ಲಗೆ ಹೇಳಿದಳು. ಅವಳ ದ್ವಿತೀಯ ಭಾಷೆಯು ಸಂಸ್ಕೃತ. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಹಾಕಿಕೊಳ್ಳಲಿಲ್ಲ. ಬೊಂಬೆಯ ಚಿತ್ರವು ಎರಡು ಗಂಟೆಗಿಂತ ಕೊಂಚ ಕಡಮೆ. ಬಾಂಬಿನದು ಪೂರಾ ಮೂರು ಗಂಟೆ. ನಾವು ಹೊರಗೆ ಬರುವ ವೇಳೆಗೆ ತಾಯಿಮಗಳು ಒಂದು ಗಂಟೆಯಿಂದ ಕಾದು ಕುಳಿತಿದ್ದರು. ಬೊಂಬೆಯ ಚಿತ್ರವನ್ನು ನಾನು ನೋಡಿದ್ದು ಕೆಲವು ತಿಂಗಳುಗಳು ಕಳೆದ ಮೇಲೆ, ಮನೆಯಲ್ಲಿ, ಆ ಹುಡುಗಿಯ ಪಕ್ಕದಲ್ಲಿ ಕುಳಿತು.

ಮೊದಲು ಬೊಂಬೆಯ ವಿಚಾರ. ರೂತ್ ಹ್ಯಾಂಡ್ಲರ್ ಎಂಬ ಮಹಿಳೆಯು ತನ್ನ ಮಗಳು ಬಾರ್ಬರಾ ಕಾಗದದ ಬೊಂಬೆಗಳೊಡನೆ ಆಡುತ್ತಿದ್ದುದನ್ನು ಗಮನಿಸಿದಳು. ಆ ಕಾಲದಲ್ಲಿ ಹುಡುಗಿಯರಿಗೆ ಕೊಡುತ್ತಿದ್ದ ಬೊಂಬೆಗಳು ಬಹುಮಟ್ಟಿಗೆ ಹಸುಗೂಸಿನವು. ಎತ್ತಿ ಆಡಿಸು, ಹಾಲು ಕುಡಿಸು, ಮಲಗಿಸು ಎಂಬ ಪಾಠಕ್ಕೆ ಅವು ಉಪಕರಣಗಳು. ಈ ಮಗುವಾದರೋ ತನ್ನ ಬೊಂಬೆಗಳನ್ನು ದೊಡ್ಡ ಹೆಂಗಸರನ್ನಾಗಿ ಮಾಡಿ, ಅವರಿಗೆ ಉದ್ಯೋಗಗಳನ್ನು ಕೊಟ್ಟು ಆಡುತ್ತಿತ್ತು. ತಾಯಿಯು ಇದನ್ನು ಕಂಡು, ಜರ್ಮನಿಯ ಒಂದು ಬೊಂಬೆಯ ಮಾದರಿಯನ್ನೂ ಹಿಡಿದು, 1959ರಲ್ಲಿ ಬಾರ್ಬಿಯನ್ನು ಮಾರುಕಟ್ಟೆಗೆ ತಂದಳು. ಆ ಬೊಂಬೆಗೆ ಕೆನ್ ಎಂಬ ಜೊತೆಗಾರನು ಬಂದದ್ದು ಎರಡು ವರ್ಷಗಳ ತರುವಾಯ, 1961ರಲ್ಲಿ.

ಇದನ್ನು ಓದಿದಾಗ ನನಗೆ ನಮ್ಮ ಪಟ್ಟದ ಬೊಂಬೆಗಳ ನೆನಪಾಯಿತು. ನವರಾತ್ರಿಯಲ್ಲಿ ಮೊದಲು ಕೂಡಿಸುವುದು ರಾಜ ರಾಣಿಯರ ಜೋಡಿಯನ್ನು. ಮಗಳು ಮದುವೆಯಾಗಿ ಹೋಗುವಾಗ ತವರಿನವರು ಕೊಟ್ಟು ಕಳುಹಿಸುವ ಮರದ ಜೋಡಿ ಅದು. ನಮ್ಮ ರಾಣಿಯು ಎಂದೂ ಒಬ್ಬಳೇ ಬಂದವಳಲ್ಲ. ಆ ಪದ್ಧತಿಯಲ್ಲಿ ಸೊಗಸೂ ಇದೆ, ವಾತ್ಸಲ್ಯವೂ ಇದೆ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಮಗುವಿನ ಕೈಗೆ ಕೊಡುವ ಬೊಂಬೆಯೂ ಒಂದು ಪಾಠವೆಂಬುದನ್ನು ನಾವು ಮರೆತಿದ್ದೇವೆ. ಒಂದು ಬೊಂಬೆಯು ತಾಯ್ತನವನ್ನು ಕಲಿಸುತ್ತದೆ, ಒಂದು ದಾಂಪತ್ಯವನ್ನು, ಮತ್ತೊಂದು ಒಬ್ಬಳೇ ನಿಲ್ಲುವುದನ್ನು. ಬಾರ್ಬಿಯು ಕಲಿಸಿದ ಪಾಠದಲ್ಲಿಯೂ ದೋಷವಿಲ್ಲದೆ ಇಲ್ಲ. ಅದರ ಸಣ್ಣ ನಡುವೂ ಎತ್ತಿದ ಹಿಮ್ಮಡಿಯೂ ಯಾವ ಹೆಣ್ಣಿಗೂ ಸಹಜವಲ್ಲ. ಅದನ್ನು ನೋಡಿ ತಮ್ಮ ಮೈಯನ್ನು ತಾವೇ ಹೀಗಳೆದುಕೊಂಡ ಹುಡುಗಿಯರು ಎಷ್ಟೋ ಮಂದಿ. ಚಿತ್ರವು ಈ ಆಕ್ಷೇಪವನ್ನು ಮುಚ್ಚಿಡುವುದಿಲ್ಲ. ಒಬ್ಬ ಶಾಲಾಬಾಲಿಕೆಯ ಬಾಯಿಂದಲೇ ಅದನ್ನು ಬೊಂಬೆಗೆ ಹೇಳಿಸುತ್ತದೆ.

ಕಥೆಯಲ್ಲಿ ಬೊಂಬೆಗಳ ಲೋಕವೊಂದಿದೆ. ಅಲ್ಲಿ ಅಧ್ಯಕ್ಷಳೂ ನ್ಯಾಯಾಧೀಶರೂ ವೈದ್ಯೆಯೂ ಭೌತವಿಜ್ಞಾನಿಯೂ ಎಲ್ಲರೂ ಹೆಂಗಸರೇ. ಗಂಡು ಬೊಂಬೆಗಳಿಗೆ ಮಾಡಲು ಕೆಲಸವಿಲ್ಲ. ಹೆಂಗಸರು ತಮ್ಮನ್ನು ನೋಡುವರೆ ಎಂದು ಕಾಯುವುದೇ ಕೆಲಸ. ನಮ್ಮ ಲೋಕವನ್ನು ಕನ್ನಡಿಯಲ್ಲಿ ತಿರುಗಿಸಿ ತೋರಿಸಿದ ಹಾಗೆ. ಒಂದು ರಾತ್ರಿ ಕುಣಿತದ ನಡುವೆ ನಾಯಕಿಯಾದ ಬೊಂಬೆಗೆ ಇದ್ದಕ್ಕಿದ್ದಂತೆ ಸಾವಿನ ಯೋಚನೆ ಬರುತ್ತದೆ. ಅದನ್ನು ಬಾಯಿಬಿಟ್ಟು ಕೇಳುತ್ತಲೂ ಸಂಗೀತವು ನಿಂತುಹೋಗುತ್ತದೆ. ಅಲ್ಲಿಂದ ಮುಂದಿನ ಕಥೆಯೆಲ್ಲವೂ ಆ ಒಂದು ಯೋಚನೆಯ ಬೆನ್ನು ಹಿಡಿದು ನಡೆಯುತ್ತದೆ. ಕೊನೆಗೆ ಅವಳು ಮುಪ್ಪಿಲ್ಲದ ಬೊಂಬೆಯ ಬಾಳನ್ನು ಬಿಟ್ಟು, ಮುಪ್ಪೂ ಮರಣವೂ ಉಳ್ಳ ಮಾನುಷಸ್ತ್ರೀಯಾಗುವುದನ್ನು ತಾನೇ ಆರಿಸಿಕೊಳ್ಳುತ್ತಾಳೆ. ನಡುವೆ ಗ್ಲೋರಿಯಾ ಎಂಬ ತಾಯಿಯೊಬ್ಬಳು, ಹೆಣ್ಣಾದವಳು ಹೀಗಿದ್ದರೂ ತಪ್ಪು, ಹಾಗಿದ್ದರೂ ತಪ್ಪು ಎಂಬ ತನ್ನ ಸಂಕಟವನ್ನು ಒಂದೇ ಉಸಿರಿಗೆ ಹೇಳಿಕೊಳ್ಳುತ್ತಾಳೆ. ಅಂದು ಚಿತ್ರಮಂದಿರದಲ್ಲಿ ಆ ಮಾತನ್ನು ಕೇಳುತ್ತ ಅಮ್ಮನು ಕಣ್ಣೊರಸಿಕೊಂಡಳೆಂದು ಹುಡುಗಿಯು ನನಗೆ ಹೇಳಿದಳು. ನಗೆಯ ಚಿತ್ರವೆಂದು ನಾವು ಕಳುಹಿಸಿದ್ದ ಚಿತ್ರ ಅದು.

ಈ ಸಂಕಟವು ಕನ್ನಡ ಪ್ರೇಕ್ಷಕರಿಗೆ ಹೊಸದಲ್ಲ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಅವರು 1971ರಲ್ಲಿ ತೆರೆಗೆ ತಂದ ‘ಶರಪಂಜರ’ದಲ್ಲಿ ಕಲ್ಪನಾ ಅವರು ಕಾವೇರಿಯ ಪಾತ್ರವನ್ನು ಧರಿಸಿದ್ದರು. ಬಾಣಂತನದ ತರುವಾಯ ಮನಸ್ಸು ಕೆಟ್ಟು, ಚಿಕಿತ್ಸೆಯಿಂದ ಗುಣವಾಗಿ ಬಂದವಳನ್ನು ಮನೆಯವರೂ ನೆರೆಯವರೂ ಹುಚ್ಚಿಯೆಂದೇ ಕಾಣುತ್ತಾರೆ. ಅವಳು ನಕ್ಕರೂ ಸಂದೇಹ, ಅತ್ತರೂ ಸಂದೇಹ. ಗ್ಲೋರಿಯಾ ವಾದಿಸಿ ಹೇಳಿದ್ದನ್ನು ಕಾವೇರಿಯು ಬಾಳಿ ತೋರಿಸಿದ್ದಳು. ಆ ಚಿತ್ರವನ್ನು ನೋಡಿ ಹೊರಗೆ ಬಂದ ನಮ್ಮ ಹಿರಿಯರಲ್ಲಿ ಎಷ್ಟು ಮಂದಿ ಮನೆಗೆ ಹೋಗಿ ತಮ್ಮ ನಡತೆಯನ್ನು ತಿದ್ದಿಕೊಂಡರೋ, ದೇವರೇ ಬಲ್ಲನು.

ಇನ್ನು ಬಾಂಬಿನ ವಿಚಾರ. ಆಪನ್‌ಹೈಮರ್ ಅವರು ಬರ್ಕಲಿಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದಾಗ, ಅಲ್ಲಿಯೇ ಸಂಸ್ಕೃತದ ಆಚಾರ್ಯರಾಗಿದ್ದ ಆರ್ಥರ್ ರೈಡರ್ ಎಂಬವರಲ್ಲಿ ನಮ್ಮ ಭಾಷೆಯನ್ನು ಕಲಿತು, ಗೀತೆಯನ್ನು ಮೂಲದಲ್ಲಿಯೇ ಓದಿದರು. 1945ನೆಯ ಜುಲೈ 16ರಂದು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಮೊದಲನೆಯ ಪರಮಾಣು ಸ್ಫೋಟವಾದಾಗ ಹನ್ನೊಂದನೆಯ ಅಧ್ಯಾಯದ ಮಾತು ತಮಗೆ ನೆನಪಾಯಿತೆಂದು ಅವರು 1965ರ ಒಂದು ದೂರದರ್ಶನ ಸಂದರ್ಶನದಲ್ಲಿ ಹೇಳಿದರು. ಚಿತ್ರದಲ್ಲಿ ಆ ಶ್ಲೋಕವನ್ನು ಏಕಾಂತದ ಒಂದು ಸಂದರ್ಭದಲ್ಲಿ ಓದಿಸಿದ್ದಕ್ಕಾಗಿ ನಮ್ಮ ದೇಶದಲ್ಲಿ ದೊಡ್ಡ ಆಕ್ಷೇಪವೆದ್ದಿತು. ಸಂದರ್ಭವು ಉಚಿತವಲ್ಲವೆಂಬುದು ನನ್ನ ಅಭಿಪ್ರಾಯವೂ ಹೌದು. ಆದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆಯು ಶ್ಲೋಕದ ಅರ್ಥದಲ್ಲಿದೆ. 

ಭಗವಂತನು ಅಲ್ಲಿ ತನ್ನನ್ನು ಕರೆದುಕೊಳ್ಳುವುದು ‘ಕಾಲ’ವೆಂದು. ರೈಡರ್ ಅವರು ಇದನ್ನು ಮೃತ್ಯುವೆಂದು ಅನುವಾದಿಸಿದರು. ಶಿಷ್ಯರೂ ಹಾಗೆಯೇ ಹೇಳಿದರು. ಕಾಲನೆಂದರೆ ಯಮನೆಂಬ ಅರ್ಥವು ಅಮರಕೋಶದಲ್ಲಿಯೂ ಉಂಟು; ಆದ್ದರಿಂದ ಅನುವಾದವು ತಪ್ಪೆಂದು ಹೇಳಲಾಗದು. ಆದರೆ ಕಾಲವೆಂಬುದು ಮೃತ್ಯುವಿಗಿಂತ ವಿಶಾಲವಾದ ಪದ. ಕೊಲ್ಲುವುದು ಹೇಗೋ ಹಾಗೆಯೇ ಹುಟ್ಟಿಸುವುದೂ ಬೆಳೆಸುವುದೂ ಅದರ ಕೆಲಸ. ಬಾಂಬು ಕೊಲ್ಲುವುದೊಂದನ್ನೇ ಬಲ್ಲದು. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯುಂಟು. ಆ ಮಾತನ್ನು ಆಡಿದವನು ಕೃಷ್ಣ, ಕೇಳಿದವನು ಅರ್ಜುನ. ಮನುಷ್ಯನಾದ ಆಪನ್‌ಹೈಮರ್ ನಿಲ್ಲಬೇಕಾಗಿದ್ದದ್ದು ಕೇಳುವವನ ಸ್ಥಾನದಲ್ಲಿ. ಅರ್ಜುನನಿಗೆ ಹೇಳಿದ ಉಪದೇಶವು ‘ನಿಮಿತ್ತ’ನಾಗು ಎಂದು. ಈ ನಿಮಿತ್ತವೆಂಬ ಪದವು ಅಹಂಕಾರಕ್ಕೆ ಮದ್ದು. ಹೊಣೆಗಾರಿಕೆಯಿಂದ ನುಣುಚಿಕೊಳ್ಳುವವನ ಕೈಯಲ್ಲಿ ಅದೇ ಒಂದು ನೆಪವಾಗಿಬಿಡುತ್ತದೆ. ಮನೆಗಳಲ್ಲಿಯೂ ಕೇಡು ಸಂಭವಿಸಿದ ಮೇಲೆ “ನಾನು ನಿಮಿತ್ತಮಾತ್ರ” ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ನಾವು ಕಂಡಿಲ್ಲವೆ? ಆಗಸ್ಟ್ 6ರಂದು ಹಿರೋಷಿಮಾ, 9ರಂದು ನಾಗಸಾಕಿ ಸುಟ್ಟುಹೋದುವು. ಸತ್ತವರಲ್ಲಿ ಅಡಿಗೆಯ ಒಲೆ ಹೊತ್ತಿಸುತ್ತಿದ್ದ ತಾಯಂದಿರೂ ಬೊಂಬೆ ಹಿಡಿದ ಮಕ್ಕಳೂ ಇದ್ದರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಚಿತ್ರವು ಆ ಊರುಗಳನ್ನು ತೋರಿಸುವುದಿಲ್ಲ. ಅವನ್ನು ನೆನೆದು ನಡುಗುವ ಒಬ್ಬನ ಮುಖವನ್ನು ಮಾತ್ರ ತೋರಿಸುತ್ತದೆ. ಬೊಂಬೆಯ ತಲೆಯ ಮೇಲೆ ಅಣಬೆಯ ಮೋಡವನ್ನಿಟ್ಟು ಜನರು ವಿನೋದಚಿತ್ರಗಳನ್ನು ಹರಡಿದಾಗ ಜಪಾನಿನವರು ನೊಂದುಕೊಂಡರು. ‘ಬಾರ್ಬಿ’ ಚಿತ್ರದ ಸಂಸ್ಥೆಯವರು ಕ್ಷಮೆ ಕೇಳಬೇಕಾಯಿತು. ‘ಆಪನ್‌ಹೈಮರ್’ ಚಿತ್ರವು ಜಪಾನಿನಲ್ಲಿ ತೆರೆಕಂಡದ್ದು 2024ರ ಮಾರ್ಚ್ 29ರಂದು. ಏಳು ಆಸ್ಕರ್ ಪ್ರಶಸ್ತಿಗಳು ಅದಕ್ಕೆ ಬಂದ ಮೇಲೆ.

ಹೆಣ್ಣುತನವೆಂದರೆ ಗುಲಾಬಿ ಬಣ್ಣ, ಅಣುಶಕ್ತಿಯೆಂದರೆ ಗಂಡಸರ ಗಂಭೀರ ವ್ಯವಹಾರ ಎಂದು ಈ ಎರಡು ಚಿತ್ರಗಳನ್ನು ಎದುರುಬದುರಾಗಿ ನಿಲ್ಲಿಸಿದವರು ಹಲವರು. ನಾನು ಕೊಂಚ ಓದಿ ನೋಡಿದ ಮೇಲೆ ಈ ವಿಭಾಗವು ನಿಲ್ಲಲಿಲ್ಲ. ಪರಮಾಣುವಿನ ಗರ್ಭವು ಒಡೆದದ್ದರ ಅರ್ಥವನ್ನು 1939ರ ಆರಂಭದಲ್ಲಿ ತನ್ನ ಸೋದರಿಯ ಮಗನಾದ ಫ್ರಿಷ್‌ನೊಡನೆ ವಿವರಿಸಿದವರು ಲೀಸೆ ಮೈಟ್ನರ್ ಎಂಬ ಮಹಿಳೆ. ನೊಬೆಲ್ ಬಹುಮಾನವು ಹೋದದ್ದು ಆಕೆಯ ಸಹೋದ್ಯೋಗಿ ಆಟೋ ಹಾನ್ ಅವರಿಗೆ. ಬಾಂಬಿನ ಕೆಲಸಕ್ಕೆ ಕರೆ ಬಂದಾಗ ಆಕೆ ಒಪ್ಪಲಿಲ್ಲ. ಮೂರು ಗಂಟೆಗಳ ಚಿತ್ರದಲ್ಲಿ ಆಕೆಗೆ ಒಂದು ಪಾತ್ರವಿಲ್ಲ. ಟೆನೆಸಿ ಪ್ರಾಂತದ ಓಕ್ ರಿಜ್‌ನಲ್ಲಿ ಯುರೇನಿಯಮ್ಮನ್ನು ಬೇರ್ಪಡಿಸುವ ಯಂತ್ರಗಳ ಮುಂದೆ ಕುಳಿತು, ಮುಳ್ಳುಗಳನ್ನು ನೋಡುತ್ತ ಗುಬುಟುಗಳನ್ನು ತಿರುಗಿಸಿದವರು ಆಗತಾನೆ ಶಾಲೆ ಮುಗಿಸಿದ್ದ ಹೆಣ್ಣುಮಕ್ಕಳು. ತಾವು ಏನನ್ನು ತಯಾರಿಸುತ್ತಿದ್ದೇವೆಂಬುದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ನಿಮಿತ್ತಮಾತ್ರ ಎಂಬ ಮಾತು ಯಾರಿಗಾದರೂ ನಿಜವಾಗಿ ಒಪ್ಪುವುದಾದರೆ ಆ ಹುಡುಗಿಯರಿಗೆ ಒಪ್ಪೀತು. ಚಿತ್ರದಲ್ಲಿ ಆಪನ್‌ಹೈಮರ್ ಅವರ ಪತ್ನಿ ಕಿಟ್ಟಿಯೂ ವಿಜ್ಞಾನವನ್ನು ಓದಿದವಳೇ. ಅಳುವ ಮಗುವಿನೊಡನೆ ಮನೆಯಲ್ಲಿ ಉಳಿದ ಅವಳಿಗೆ ಲೋಕವನ್ನು ಬದಲಿಸಿದ ಸುದ್ದಿಯು ತಲಪುವುದು ಒಣಗಲು ಹಾಕಿದ ಹಾಸುಬಟ್ಟೆಗಳನ್ನು ಒಳಗೆ ತೆಗೆದುಕೊ ಎಂಬ ಗೂಢಸಂಜ್ಞೆಯಿಂದ. ಗೃಹಿಣಿಯರಾದ ವಾಚಕಿಯರು ಈ ಸನ್ನಿವೇಶವನ್ನು ನನಗಿಂತ ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲರು.

ಆ ಕಡೆ ಬೊಂಬೆಯ ಕಥೆಯೂ ಅಷ್ಟು ಮುಗ್ಧವಲ್ಲ. ಬಾರ್ಬಿಯ ಶರೀರರಚನೆಯಲ್ಲಿ ಕೈಯಾಡಿಸಿದ ಜಾಕ್ ರಯನ್ ಎಂಬ ಎಂಜಿನಿಯರು ಅದಕ್ಕೆ ಮುಂಚೆ ಯುದ್ಧದ ಕ್ಷಿಪಣಿಗಳನ್ನು ರೂಪಿಸುವ ಉದ್ಯೋಗದಲ್ಲಿದ್ದವನು!

ನಮ್ಮ ವ್ಯಾಕರಣವು ಇಲ್ಲಿ ಏನು ಹೇಳುತ್ತದೆ? ‘ಶಕ್ತಿ’ ಎಂಬ ಪದವು ಸ್ತ್ರೀಲಿಂಗ. ಆದ್ದರಿಂದ ‘ಅಣುಶಕ್ತಿ’ಯೂ ಸ್ತ್ರೀಲಿಂಗವೇ. ಇದನ್ನು ಹಿಡಿದುಕೊಂಡು ನಮ್ಮ ಪೂರ್ವಿಕರು ಹೆಣ್ಣಿಗೆ ಎಷ್ಟು ದೊಡ್ಡ ಸ್ಥಾನವನ್ನು ಕೊಟ್ಟಿದ್ದರೆಂದು ಉಪನ್ಯಾಸ ಮಾಡುವವರುಂಟು. ನಾನು ಮಾಡಲಾರೆನು. ಏಕೆಂದರೆ ಹೆಂಡತಿ ಎಂಬ ಅರ್ಥದ ‘ದಾರ’ ಶಬ್ದವು ಪುಲ್ಲಿಂಗ, ಅದೂ ನಿತ್ಯಬಹುವಚನ, ಅದೇ ಅರ್ಥದ ‘ಕಲತ್ರ’ವು ನಪುಂಸಕಲಿಂಗ, ‘ಭಾರ್ಯಾ’ ಮಾತ್ರ ಸ್ತ್ರೀಲಿಂಗ. ಲಿಂಗವು ಶಬ್ದದ ಧರ್ಮವೇ ಹೊರತು ವಸ್ತುವಿನದಲ್ಲವೆಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟೆನು. ಭೌತಶಾಸ್ತ್ರಕ್ಕೂ ಅಡಿಗೆಗೂ ಲಿಂಗವಿಲ್ಲವೆಂಬುದನ್ನು ಅದೇ ಉಸಿರಿನಲ್ಲಿ ಹೇಳಿಕೊಡಬೇಕಾಗಿತ್ತು.

ನಮ್ಮ ಉತ್ತರ ಬೆಂಗಳೂರಿಗೆ ಈ ಕಥೆಯು ದೂರದ್ದಲ್ಲ. ಯಶವಂತಪುರಕ್ಕೆ ಸಮೀಪದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ, ಯುದ್ಧವು ಆರಂಭವಾದ 1939ರ ತರುವಾಯ, ಹೋಮಿ ಭಾಭಾ ಅವರು ವಿಶ್ವಕಿರಣಗಳ ಸಂಶೋಧನೆಯನ್ನು ನಡೆಸಿದರು. ನಮ್ಮ ದೇಶದ ಪರಮಾಣು ವಿಜ್ಞಾನಕ್ಕೆ ತೊಟ್ಟಿಲಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು 1945ರಲ್ಲಿ ಇಲ್ಲಿ ಆರಂಭವಾಗಿ, ಅದೇ ವರ್ಷ ಮುಂಬಯಿಗೆ ಹೋಯಿತು. ಅದೇ ಆವರಣದಲ್ಲಿ 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿಯು ಸಂಶೋಧನೆಗೆ ಅರ್ಜಿ ಹಾಕಿದಾಗ, ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಅವರು ಹೆಣ್ಣೆಂಬ ಕಾರಣದಿಂದ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಆಕೆ ಬಿಡಲಿಲ್ಲ. ಕೊನೆಗೆ ಒಂದು ವರ್ಷದ ಪರೀಕ್ಷೆಯ ಮೇಲೆ ಪ್ರವೇಶ ದೊರೆಯಿತು. 1939ರಲ್ಲಿ ಆಕೆ ಕೇಂಬ್ರಿಜ್‌ನಿಂದ ಡಾಕ್ಟರೇಟನ್ನು ಪಡೆದರು. ಅದೇ ರಾಮನ್ ಅವರ ಪ್ರಯೋಗಶಾಲೆಯಲ್ಲಿ 1940ರಿಂದ ಅನ್ನಾ ಮಣಿ ಎಂಬವರು ವಜ್ರಗಳ ಮೇಲೆ ಸಂಶೋಧನೆ ನಡೆಸಿದರು. ದೊಡ್ಡವರೂ ತಪ್ಪಬಲ್ಲರು, ತಿದ್ದಿಕೊಳ್ಳಬಲ್ಲರು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವು ಬೇಕಿಲ್ಲ.

ಅಣುಶಕ್ತಿಯೆಂದರೆ ಬಾಂಬೊಂದೇ ಅಲ್ಲವೆಂಬುದನ್ನೂ ಮನೆಯಲ್ಲಿ ಹೇಳತಕ್ಕದ್ದು. ಉತ್ತರ ಕನ್ನಡದಲ್ಲಿ ಕಾಳಿ ನದಿಯ ದಡದ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಸ್ಥಾವರಗಳಿವೆ. ಅಲ್ಲಿಯ ವಿದ್ಯುತ್ತು ನಮ್ಮ ರಾಜ್ಯಕ್ಕೂ ಹಂಚಿಕೆಯಾಗುತ್ತದೆ. ನಮ್ಮ ಮನೆಯ ಮಿಕ್ಸಿಯಲ್ಲಿ ಚಟ್ನಿ ನುಣ್ಣಗಾಗುವುದರಲ್ಲಿ ಅದರದೂ ಒಂದು ಪಾಲು. ಆ ಕಾಡಿನ ಸಲುವಾಗಿ ಅದನ್ನು ವಿರೋಧಿಸಿದ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಯ ಚುನಾವಣೆಗೂ ನಿಂತರು. 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದಾಗಲೇ, ಒಂದು ಗುಮ್ಮಟದ ಒಳಭಾಗವು ಕುಸಿಯಿತು. ಪರಮಾಣು ಸ್ಥಾವರಗಳಲ್ಲಿ ತಯಾರಾಗುವ ಕೋಬಾಲ್ಟಿನ ಕಿರಣಗಳಿಂದಲೇ ಗರ್ಭಕಂಠದ ಕ್ಯಾನ್ಸರಿಗೆ ಗುರಿಯಾದ ಎಷ್ಟೋ ಹೆಂಗಸರು ಬದುಕಿದ್ದಾರೆ. ಲಾಭವನ್ನೂ ಭಯವನ್ನೂ ತೂಗಿ ನೋಡಬಲ್ಲ ವಿದ್ಯೆಯು ಮನೆಯ ಗಂಡುಮಕ್ಕಳಿಗೆ ಮಾತ್ರ ಸಾಕೆ?

ಈ ಪ್ರಶ್ನೆಯನ್ನು ಕೇಳುವ ಅಧಿಕಾರವು ನನಗೆ ಇದೆಯೋ ಇಲ್ಲವೋ ತಿಳಿಯದು. ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಗಣಿತದಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಮುಂದೆ ಏನನ್ನು ಓದಿಸಲಿ ಎಂದು ಅವಳ ತಂದೆಯು ಬಂದು ಕೇಳಿದಾಗ, “ಹೆಣ್ಣುಮಗು. ದೂರ ಕಳಿಸಬೇಡಿ. ಹತ್ತಿರದಲ್ಲೇ ಯಾವುದಾದರೂ ಸುಲಭವಾದದ್ದು ಓದಲಿ” ಎಂದು ನಾನು ಹೇಳಿದೆನು. ಎರಡು ವರ್ಷಕ್ಕೆ ಅವಳಿಗೆ ಮದುವೆಯಾಯಿತು. ಈಚೆಗೆ ಹೆಬ್ಬಾಳದ ಬಸ್ ನಿಲ್ದಾಣದಲ್ಲಿ ಸಿಕ್ಕಿ ನಮಸ್ಕರಿಸಿದಳು. “ಮೇಷ್ಟ್ರೇ, ನನ್ನ ಮಗಳಿಗೂ ಲೆಕ್ಕ ಚೆನ್ನಾಗಿ ಬರುತ್ತೆ. ಅವಳನ್ನ ಎಷ್ಟು ದೂರ ಬೇಕಾದರೂ ಕಳಿಸ್ತೀನಿ” ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. ತಂದೆ ಕೇಳಿದನು, ನಾನು ಹೇಳಿದೆನು, ನಾನು ನಿಮಿತ್ತಮಾತ್ರ ಎಂದುಕೊಳ್ಳಲು ಬಸ್ಸಿನಲ್ಲಿ ಮನೆಯವರೆಗೂ ಪ್ರಯತ್ನಿಸಿದೆನು. ಆಗಲಿಲ್ಲ.

ಯಲಹಂಕದ ಹುಡುಗಿಯು ಈಗ ಪದವಿಪೂರ್ವ ತರಗತಿಗಳನ್ನು ಮುಗಿಸಿದ್ದಾಳೆ. ಭೌತಶಾಸ್ತ್ರವನ್ನೇ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಅವಳ ತಂದೆಯು ಹೋದ ಭಾನುವಾರ ನನ್ನ ಬಳಿಗೆ ಬಂದು, “ಮಾವ, ನೀವೇ ಅವಳಿಗೆ ಒಂದು ಮಾತು ಹೇಳಿ” ಎಂದನು. “ಹೇಳುವುದನ್ನು ಅವತ್ತೇ ಅವಳು ಹೇಳಿದ್ದಳಪ್ಪ, ಗೀತೆ ತನಗೂ ಬರುತ್ತೆ ಅಂತ. ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈ ಸಲ ಕೇಳೋಣ” ಎಂದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಫಿ ಕುಡಿದು, ಅರ್ಜಿಗೆ ಕೊನೆಯ ದಿನಾಂಕ ಯಾವುದೆಂದು ಮಗಳಿಗೆ ಫೋನು ಮಾಡಿ ವಿಚಾರಿಸಿದನು.

ಬರುವ ನವರಾತ್ರಿಯಲ್ಲಿ ಪಟ್ಟದ ಬೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ ತನ್ನ ಹಳೆಯ ಬಾರ್ಬಿಯನ್ನೂ ಕೂಡಿಸುತ್ತೇನೆಂದು ಆ ಹುಡುಗಿಯು ಹೇಳಿದ್ದಾಳೆ. ನನ್ನ ಅಕ್ಕನಿಗೆ ಇದು ಪೂರ್ತಿಯಾಗಿ ಒಪ್ಪಿಗೆಯಾಗಿಲ್ಲ. ಕೂಡಿಸುವುದಾದರೆ ಅದಕ್ಕೊಂದು ಸೀರೆಯನ್ನಾದರೂ ಉಡಿಸಬೇಕಂತೆ.